ಯಾರೋ ಈ ರಮೆ?

ಸೋಮನಾಥಪುರಕ್ಕೆ ಹೋದವರೆಲ್ಲ ಗೋಡೆಯ ಮೂರ್ತಿಗಳ ಮುಖ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಪಾದದ ಕೆಳಗಿಳಿಯುತ್ತದೆ. ಅಲ್ಲಿ ಪೀಠದ ಮೇಲೆ ರೂವಾರಿ ಮಲ್ಲಿತಮ್ಮ ತನ್ನ ಹೆಸರು ಕಂಡರಿಸಿದ್ದಾನೆ. ಬಾಗಿಲ ಬಳಿಯ ಶಾಸನದಲ್ಲೂ ಅದೇ 13ನೆಯ ಶತಮಾನದ ಹೊಯ್ಸಳ ಅಕ್ಷರ: ತುಂಬಿದ ಹೊಟ್ಟೆ, ಬಳುಕುವ ತಲೆಕಟ್ಟು, ಪದಗಳ ನಡುವೆ ಉಸಿರಿಗೂ ಜಾಗವಿಲ್ಲದ ಸಾಲು. 'ಕೆ' ಯಾವುದು, 'ಕೇ' ಯಾವುದು ಎಂಬುದನ್ನು ಓದುವವನ ಜಾಣತನಕ್ಕೇ ಬಿಟ್ಟ ಬರವಣಿಗೆ ಅದು. ಈ ಚೆಲುವನ್ನು ಕಂಪ್ಯೂಟರಿಗೆ ಇಳಿಸಿ ಒಂದು ಫಾಂಟ್ ಮಾಡಬೇಕೆಂಬ ಹುಚ್ಚು ನನಗೆ ಹಿಡಿದದ್ದು ಅಲ್ಲೇ.

ರಾತ್ರಿಗಳನ್ನು ಸುಟ್ಟು ಸ್ವರ, ವ್ಯಂಜನ, ಒತ್ತುಗಳನ್ನೆಲ್ಲ ಬರೆದೆ. ಗೆಳೆಯರಿಗೆ ತೋರಿಸಿದೆ. "ಸೂಪರ್" ಎಂದರು. ಹೊಗಳಿಕೆ ಕಿವಿಗೆ ಹಿತ, ಆದರೆ ಅದರಿಂದ ಒಂದು ಕೊಂಬೂ ನೆಟ್ಟಗಾಗುವುದಿಲ್ಲ.

ಶಾಸನ ಓದುವ ಮೇಷ್ಟ್ರೊಬ್ಬರ ಬಳಿ ಹಾಳೆ ಹಿಡಿದು ಹೋದೆ. ತಲೆಕಟ್ಟಿನ ತುದಿಯಲ್ಲಿ ನಾನು ಪ್ರೀತಿಯಿಂದ ಇಟ್ಟಿದ್ದ ಸಣ್ಣ ಕಚ್ಚಿನ ಮೇಲೆ ಅವರ ಬೆರಳು ನಿಂತಿತು. ಒಳಗಿಂದ ಒಂದು ಪಡಿಯಚ್ಚು ತಂದು ಹಾಸಿದರು. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿ ತೆಗೆದದ್ದು. ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ಎದ್ದಿದ್ದವು. "ನೋಡಪ್ಪ, ಇದು ಕೆತ್ತಿದ್ದಲ್ಲ. ಕಲ್ಲು ಚಕ್ಕೆ ಎದ್ದಿರೋದು" ಎಂದರು. ಏಳು ಶತಮಾನದ ಮಳೆ ಬಿಸಿಲು ಮಾಡಿದ ಗಾಯವನ್ನು ನಾನು ಒಡವೆ ಎಂದು ತಿಳಿದು ಅಕ್ಷರಕ್ಕೊಂದರಂತೆ ತೊಡಿಸಿದ್ದೆ!

ನಮ್ಮ ಬೀದಿಯಲ್ಲಿ ಅಂಗಡಿಗಳ ಬೋರ್ಡ್ ಬರೆಯುವವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು. "ಇಲ್ಲಿ ಕೈ ಎಲ್ಲಿ ಎತ್ತಿದ್ರಿ ಸಾರ್?" ನಾನು ಎತ್ತಿರಲೇ ಇಲ್ಲ, ಮೌಸ್ ಎಳೆದಿದ್ದೆ. ಶಾಸನಗಳಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುವುದುಂಟು. ಉಳಿಗಿಂತ ಮೊದಲು ಅಲ್ಲೊಂದು ಕೈ ಓಡಿತ್ತು. ನಾನು ಉಳಿಯನ್ನು ನಕಲು ಮಾಡಿ ಕೈಯನ್ನು ಮರೆತಿದ್ದೆ.

ಎಲ್ಲ ತಿದ್ದಿ, ಗತ್ತಿನಿಂದ ಮನೆಯ ದಿನಸಿ ಚೀಟಿಯನ್ನು ಅದೇ ಅಕ್ಷರದಲ್ಲಿ ಅಚ್ಚು ಹಾಕಿ ಅಮ್ಮನ ಕೈಗಿತ್ತೆ. ಕನ್ನಡಕ ಏರಿಸಿ ಓದತೊಡಗಿದಳು: "ಬೆಲ್ಲ ಒಂದು ಕೆಜಿ, ಕಡಲೆಬೇಳೆ ಅರ್ಧ ಕೆಜಿ, ರಮೆ ಒಂದು ಕೆಜಿ... ಯಾರೋ ಈ ರಮೆ?"

ರವೆ! 'ವ'ಕಾರದ ಬಾಲಕ್ಕೆ ನಾನು ಕೊಟ್ಟಿದ್ದ ಸುರುಳಿ ಅದನ್ನು 'ಮ' ಮಾಡಿತ್ತು. ಅಮ್ಮ ಅಭಿಪ್ರಾಯ ಹೇಳಲಿಲ್ಲ, ಸುಮ್ಮನೆ ಓದಿದಳು. ಕಣ್ಣು ಎಡವಿದಲ್ಲಿ ನಿಂತಳು. ಅಂದಿನಿಂದ ನಾನು ಯಾರನ್ನೂ "ಹೇಗಿದೆ?" ಎಂದು ಕೇಳುವುದಿಲ್ಲ. ಓದಲು ಕೊಟ್ಟು ಅವರ ಕಣ್ಣನ್ನೇ ನೋಡುತ್ತ ಕೂರುತ್ತೇನೆ.

ಸುರುಳಿ ಹೋಯಿತು, ಕಚ್ಚುಗಳೂ ಹೋದವು. ಒಂದನ್ನು ಮಾತ್ರ ಅಳಿಸಲು ಮನಸ್ಸಾಗದೆ 'ೞ'ದಲ್ಲಿ ಬಚ್ಚಿಟ್ಟಿದ್ದೇನೆ. ಈಗ ಯಾರೂ ಬರೆಯದ ಅಕ್ಷರ ಅದು; ದಿನಸಿ ಚೀಟಿಯಲ್ಲಂತೂ ಬರುವುದಿಲ್ಲ.