ಅಪ್ಪನ ಕಂಬಳಿಯೊಳಗಿನ ಚಳಿ

ಡಿಸೆಂಬರ್ ಕೊನೆ ವಾರ. ಆಫೀಸಿನಲ್ಲಿ ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ಅಂತರಸಂತೆಗೆ ಬಂದಿದ್ದೆ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಕಬಿನಿ ಹಿನ್ನೀರು. ಈ ತಿಂಗಳಲ್ಲಿ ನಮ್ಮೂರಿಗೆ ಬೆಳಗಾಗೋದೇ ನಿಧಾನ. ಸಂಜೆ ಆರಕ್ಕೆ ಮಾನಂದವಾಡಿ ರಸ್ತೆಯ ಕಾಡಿನ ಗೇಟು ಮುಚ್ಚಿದ ಮೇಲೆ ಗಾಡಿಗಳ ಸದ್ದೂ ಇರಲ್ಲ. ಅಂಥ ಒಂದು ರಾತ್ರಿ, ಎರಡು ಗಂಟೆ ಇರಬಹುದು, ಪಕ್ಕದ ಕೋಣೆಯಲ್ಲಿ ಅಪ್ಪನ ಹಲ್ಲು ಕಟಕಟ ಅನ್ನೋದು ಕೇಳಿಸಿತು.

ಹೋಗಿ ನೋಡಿದೆ. ಎರಡು ಕಂಬಳಿ, ಅದರ ಮೇಲೊಂದು ರಗ್ಗು. ಒಳಗೆ ಅಪ್ಪ ನಡುಗುತ್ತಿದ್ದರು.

"ಏನಾಯ್ತಪ್ಪ?"

"ಏನಿಲ್ಲ ಕಣ್ಲಾ. ಮಲ್ಕೋ ಹೋಗು."

ಕಂಬಳಿಯೊಳಗೆ ಕೈ ಹಾಕಿದೆ. ಬನಿಯನ್ನು ಬೆನ್ನಿನ ತನಕ ಒದ್ದೆ, ಮಂಜಿನಷ್ಟು ತಣ್ಣಗೆ.

ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ಬಲಗೈ, ಬಲಗಾಲು ಅರ್ಧ ವಾಪಸ್ ಬಂದವು, ಮೂತ್ರದ ಹಿಡಿತ ಬರಲಿಲ್ಲ. ಅಂದಿನಿಂದ ಡೈಪರ್. ತಿಂಗಳಿಗೆ ಅಷ್ಟು ಪ್ಯಾಕೆಟ್ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿಬಿಟ್ಟರೆ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ. ಹಾಕೋದು, ತೆಗೆಯೋದು ಎಲ್ಲ ಅವ್ವ. ಅವ್ವನಿಗೆ ಮಂಡಿನೋವು. ಆವತ್ತು ಹನ್ನೊಂದು ಗಂಟೆಗೇ ಒದ್ದೆಯಾಗಿತ್ತಂತೆ. "ಅವಳನ್ನ ಇನ್ನೆಷ್ಟು ಸಲ ಎಬ್ಬಿಸ್ಲಿ?" ಅಂದರು. ಮೂರು ಗಂಟೆ ಹಾಗೇ ಮಲಗಿದ್ದರು.

ನಾನೇ ಬದಲಾಯಿಸ್ತೀನಿ ಅಂದೆ. ಅಪ್ಪ ಬೇಡ ಅನ್ನಲಿಲ್ಲ. ಎಡಗೈಯಲ್ಲಿ ಟವೆಲ್ ಎಳೆದುಕೊಂಡು ಮುಖ ಮುಚ್ಚಿಕೊಂಡರು. ನನಗೆ ಯಾವ ಕಡೆ ಮುಂದೆ, ಯಾವ ಕಡೆ ಹಿಂದೆ ಅನ್ನೋದೂ ಗೊತ್ತಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ಹಾಗಿದ್ದ ವೆಟ್ ವೈಪ್ಸ್ ತಾಗಿಸಿದ್ದಕ್ಕೆ ಟವೆಲ್ ಒಳಗಿಂದ "ಅಯ್ಯಯ್ಯಪ್ಪ" ಅಂತ ಒಂದು ಕೂಗು. ಇಬ್ಬರಿಗೂ ನಗು ಬಂತು. ಆ ನಗು ಬರದೇ ಇದ್ದಿದ್ದರೆ ಮಾರನೇ ರಾತ್ರಿ ಅವರು ನನ್ನನ್ನು ಕರೆಯುತ್ತಿರಲಿಲ್ಲ ಅನಿಸುತ್ತೆ.

ಬೆಳಗ್ಗೆ ಇನ್ನೊಂದು ವಿಷಯ ಹೊರಗೆ ಬಂತು. ಸಂಜೆ ನಾಲ್ಕರ ಮೇಲೆ ಅಪ್ಪ ನೀರು ಮುಟ್ಟಲ್ಲ. ಕಾಫಿನೂ ಅರ್ಧ ಲೋಟ. ಕುಡಿಯದಿದ್ದರೆ ಒದ್ದೆ ಆಗಲ್ಲ ಅನ್ನೋದು ಅವರ ಲೆಕ್ಕ. ಎರಡು ದಿನದಲ್ಲಿ ಜ್ವರ ಬಂತು, ಕೋಟೆಗೆ ಕರೆದುಕೊಂಡು ಹೋದೆವು. ಮೂತ್ರದ ಸೋಂಕು. ನೀರು ಕಮ್ಮಿಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನಷ್ಟು ಕೆರಳಿಸುತ್ತೆ, ಸೋಂಕಿಗೂ ದಾರಿಯಾಗುತ್ತೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಚಳಿಯಲ್ಲಿ ಎಲ್ಲರಿಗೂ ಮೂತ್ರ ಜಾಸ್ತಿ. ಚರ್ಮದ ರಕ್ತನಾಳ ಕುಗ್ಗಿ ರಕ್ತ ಒಳಗೆ ಸೇರುತ್ತೆ, ಕಿಡ್ನಿ ಹೆಚ್ಚು ನೀರು ಹೊರಗೆ ಹಾಕುತ್ತೆ. ಬೆವರಂತೂ ಇಲ್ಲ. ಹಗಲೆಲ್ಲ ಚೆನ್ನಾಗಿ ಕುಡಿದು, ಮಲಗುವ ಒಂದೆರಡು ಗಂಟೆ ಮುಂಚೆ ಕಮ್ಮಿ ಮಾಡಿ ಅಂದರು. ಅಪ್ಪ ತಲೆ ಆಡಿಸಿದರು. ಒಪ್ಪಿದ್ದು ಆಮೇಲೆ.

ಅಷ್ಟು ಕಂಬಳಿ ಹೊದ್ದರೂ ಯಾಕೆ ಚಳಿ ಅನ್ನೋದು ನನ್ನ ತಲೆ ಕೊರೆಯುತ್ತಿತ್ತು. ಮೂತ್ರ ಬರುವಾಗ ಮೈಯಷ್ಟೇ ಬಿಸಿ, 37 ಡಿಗ್ರಿ. ಆಮೇಲೆ ತಣ್ಣಗಾಗುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತೆ, ಅಂದರೆ ಮೈಯ ಬಿಸಿಯನ್ನು ಅದು ಎಳೆದುಕೊಳ್ಳುತ್ತಲೇ ಇರುತ್ತೆ. ಇದನ್ನು ಅಪ್ಪನಿಗೆ ದೊಡ್ಡದಾಗಿ ವಿವರಿಸಿದೆ.

"ಅದುನ್ನ ನಂಗೆ ಹೇಳ್ತೀಯಾ?" ಅಂದರು. ರಾಗಿ ತೆನೆಗೆ ಆನೆ ಬರುತ್ತೆ ಅಂತ ಇಪ್ಪತ್ತು ವರ್ಷ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾವಲು ಕಾದವರು. "ಕಂಬ್ಳಿ ನೆಂದ್ರೆ ಎತ್ತಿ ಆಚೆ ಬಿಸಾಕ್ಬೇಕು. ಬರೀ ಮೈಲಿ ಕೂತ್ರೂ ಅದ್ಕಿಂತ ವಾಸಿ."

ಒದ್ದೆ ಬೆನ್ನಿಗೆ ಹೇಗೆ ಹತ್ತುತ್ತೆ ಅನ್ನೋದೂ ಗೊತ್ತಾಯಿತು. ಡೈಪರ್ ಸೋರುತ್ತಿರಲಿಲ್ಲ. ಬೆಚ್ಚಗಿರಲಿ ಅಂತ ಅವ್ವ ಬನಿಯನ್ ತುದಿಯನ್ನು ಡೈಪರ್ ಒಳಗೆ ಸಿಕ್ಕಿಸುತ್ತಿದ್ದರು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ಮೇಲಕ್ಕೆ ಹೀರುತ್ತಿತ್ತು. ತುದಿ ಹೊರಗೆ ಬಿಟ್ಟ ಮೇಲೆ ಅರ್ಧ ಸಮಸ್ಯೆ ಅಲ್ಲೇ ಹೋಯಿತು. ಸೋರದಿರಲಿ ಅಂತ ಒಂದರ ಮೇಲೊಂದು ಎರಡು ಹಾಕಿಯೂ ನೋಡಿದ್ದೆವು. ಒಳಗಿನದರ ಪ್ಲಾಸ್ಟಿಕ್ ಹೊದಿಕೆ ದಾಟಿ ಮೇಲಿನದಕ್ಕೆ ಏನೂ ಹೋಗಲ್ಲ, ದುಡ್ಡು ದಂಡ.

ಚಡ್ಡಿ ಥರದ್ದು ಹಗಲಿಗೆ ಸರಿ. ರಾತ್ರಿ ಅದನ್ನು ಬದಲಾಯಿಸಬೇಕಾದರೆ ಸಾಕ್ಸು, ಪೈಜಾಮ ಪೂರ್ತಿ ಬಿಚ್ಚಬೇಕು. ಚಳಿಯಲ್ಲಿ ಅದೊಂದು ಶಿಕ್ಷೆ. ಈಗ ರಾತ್ರಿಗೆ ಪಕ್ಕದಲ್ಲಿ ಅಂಟಿಸುವ ಟೇಪಿನದ್ದು. ಪೈಜಾಮ ಮಂಡಿವರೆಗೆ ಇಳಿಸಿದರೆ ಸಾಕು, ಮೇಲೆ ಕಂಬಳಿ ಹಾಗೇ ಇರುತ್ತೆ. (ಪೈಜಾಮಕ್ಕೆ ಒಪ್ಪಿಸಲು ಒಂದು ವಾರ ಬೇಕಾಯಿತು. ಪಂಚೆ ಬಿಟ್ಟು ಬೇರೇನೂ ಉಡದ ಮನುಷ್ಯ.) ಹೊಸ ಡೈಪರನ್ನು ಮೊದಲೇ ಕಂಬಳಿ ಕೆಳಗೆ ಇಟ್ಟರೆ ತಣ್ಣಗೆ ತಾಗಲ್ಲ. ವೈಪ್ಸ್ ಬದಲು ಫ್ಲಾಸ್ಕಿನ ಉಗುರುಬೆಚ್ಚನೆ ನೀರು, ಮೆತ್ತನೆ ಬಟ್ಟೆ, ಆಮೇಲೆ ಒತ್ತಿ ಒರೆಸಿ ಪೂರ್ತಿ ಒಣಗಿಸೋದು. ಪೌಡರ್ ಬಿಟ್ಟೆವು, ಸಂದಿಯಲ್ಲಿ ಮುದ್ದೆಯಾಗುತ್ತೆ. ಜಿಂಕ್ ಕ್ರೀಮು ತೆಳ್ಳಗೆ. ರಬ್ಬರ್ ಶೀಟಿನ ಮೇಲೆ ದಪ್ಪ ಕಾಟನ್ ಟವೆಲ್ ಹಾಸದಿದ್ದರೆ ಅದೂ ಕೆಳಗಿಂದ ತಣ್ಣಗೆ ಹೊಡೆಯುತ್ತೆ.

ಬಿಸಿನೀರಿನ ಬ್ಯಾಗ್ ಮಾತ್ರ ಬೇಡವೇ ಬೇಡ. ಒಂದು ರಾತ್ರಿ ಬಲಗಾಲ ಹತ್ತಿರ ಇಟ್ಟಿದ್ದೆ. ಬೆಳಗ್ಗೆ ಅಂಗೈಯಗಲ ಕೆಂಪಾಗಿತ್ತು. ಅವರಿಗೆ ಆ ಕಾಲಿನಲ್ಲಿ ಬಿಸಿಯೇ ಗೊತ್ತಾಗಿರಲಿಲ್ಲ. ಪುಣ್ಯಕ್ಕೆ ಬೊಬ್ಬೆ ಬರಲಿಲ್ಲ.

ಇಷ್ಟೆಲ್ಲ ಕಲಿತರೂ ರಾತ್ರಿ ಒಂದು ಸಲ ಯಾರಾದರೂ ಏಳಲೇಬೇಕು. ನಾನು ಇರುವಷ್ಟು ದಿನ ನಾನು. ಮಂಚದ ಕಂಬಿಗೆ ಒಂದು ಸಣ್ಣ ಗಂಟೆ ಕಟ್ಟಿದೆ, ಹಿಂದೆ ನಮ್ಮ ಹಸುವಿನ ಕೊರಳಲ್ಲಿದ್ದದ್ದು. "ನಾನೇನು ದನವೇನ್ಲಾ?" ಅಂತ ಬೈದರು. ಮೂರನೇ ರಾತ್ರಿ ಒಂದೂವರೆಗೆ ಅದು ಠಣ್ ಅಂತು. ಎದ್ದು ಹೋದರೆ ಮುಖದ ಮೇಲೆ ಟವೆಲ್ ಇರಲಿಲ್ಲ. ಸೂರು ನೋಡುತ್ತಾ, ಈ ಸಲ ಅವರೆಕಾಯಿ ಕೇಜಿಗೆ ಎಷ್ಟು ನಡೀತಿದೆ ಅಂತ ಕೇಳಿದರು.

ನಾನು ಬೆಂಗಳೂರಿಗೆ ಹೊರಟ ಮೇಲೆ ರಾತ್ರಿ ಸರದಿಗೆ ಚಿಕ್ಕಪ್ಪನ ಮಗ ಬರುತ್ತಾನೆ. ಅವನಿಗೆ ಎರಡು ರಾತ್ರಿ ಜೊತೆಗೆ ಕೂತು ತೋರಿಸಿಕೊಟ್ಟೆ. ಅಪ್ಪನೇ ಹೇಳಿದರು, "ಅವ್ನಿಗೂ ಕಲ್ಸು" ಅಂತ.

ಸಂಕ್ರಾಂತಿಯ ಹಿಂದಿನ ದಿನ ಬೆಳಗ್ಗೆ ಅಪ್ಪ ಜಗಲಿಯಿಂದ ಇಳಿದರು. ಮೊಳಕಾಲುದ್ದದ ಉಲ್ಲನ್ ಒಳಚಡ್ಡಿ, ಅದರ ಮೇಲೆ ಪಂಚೆ, ಹೆಗಲಿಗೆ ಕಂಬಳಿ. ಒಳಗೇನಿದೆ ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಕೋಲೂರಿಕೊಂಡು ಸರ್ಕಲ್ಲಿನ ಟೀ ಅಂಗಡಿಗೆ ಹೋದೆವು. ಎಷ್ಟು ತಿಂಗಳಾಗಿತ್ತೋ! ಒಂದು ಟೀ ಕುಡಿದರು. ನಾನು ದುಡ್ಡು ಕೊಡಲು ಎದ್ದರೆ, "ಕೂತ್ಕೋ," ಅಂದರು, "ಇನ್ನೊಂದು ಹೇಳು. ಫುಲ್ಲು."