ಮುದ್ರೆ

ಹತ್ತನೆಯ ತರಗತಿಯವರಾದ ನಾವು ಇನ್ನು ಕೆಲವೇ ದಿನಗಳಲ್ಲಿ ಶಾಲೆಯಿಂದ ಬೀಳ್ಕೊಳ್ಳುವವರು. ನಮ್ಮ ಪ್ರಮಾಣಪತ್ರಗಳ ಮೇಲೆ ಬೀಳಲಿರುವ ಶಾಲೆಯ ಮುದ್ರೆಯನ್ನು ಕಂಡಾಗಲೆಲ್ಲ ನನಗೆ ಒಂದು ಅಳುಕು. "ಕನ್ನಡ ಶಾಲೆಯ ಮುದ್ರೆಗೆ ಈ ಊರಿನಲ್ಲಿ ಬೆಲೆಯೆಷ್ಟು?" ಎಂದು ನೆರೆಯವರೊಬ್ಬರು ತಂದೆಯವರನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ತಂದೆಯವರು ಅಂದು ಮೌನವಾಗಿದ್ದರು.

ಆ ಮಾತು ಮನಸ್ಸನ್ನು ಕೊರೆಯುತ್ತಿದ್ದಾಗಲೇ ನಾವು ಕಾನ್ಹೇರಿಗೆ ಪ್ರವಾಸ ಹೋದೆವು. ಠಾಣೆಯ ಪಶ್ಚಿಮದಲ್ಲಿರುವ ಯೇವೂರು ಗುಡ್ಡಗಳ ಆಚೆ, ಬಂಡೆಯಲ್ಲಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳು ಅಲ್ಲಿವೆ. ಅವುಗಳಲ್ಲಿ ಬೌದ್ಧ ಭಿಕ್ಷುಗಳು ಹಲವು ಶತಮಾನಗಳ ಕಾಲ ವಾಸಿಸಿದ್ದರು. 1853ರಲ್ಲಿ ವೆಸ್ಟ್ ಎಂಬ ಆಂಗ್ಲ ವಿದ್ವಾಂಸರು ಒಂದು ಗುಹೆಯ ಧೂಳು ಬೂದಿಗಳನ್ನು ಅಗೆಸಿದಾಗ, ಒಣಗಿದ ಜೇಡಿಮಣ್ಣಿನ ಹಲವು ಮುದ್ರೆಗಳು ದೊರೆತವೆಂದು ನಮ್ಮ ಗುರುಗಳು ಹೇಳಿದರು. ಅಕ್ಷರಗಳು ಸುಮಾರು 10ನೆಯ ಶತಮಾನದವು. ಅನೇಕ ಮುದ್ರೆಗಳಲ್ಲಿದ್ದುದು ರಾಜಾಜ್ಞೆಯಲ್ಲ, ಬೌದ್ಧ ಧರ್ಮದ ಸಾರ: ಕಾರಣದಿಂದ ಹುಟ್ಟಿದುದಕ್ಕೆಲ್ಲ ಕಾರಣವನ್ನೂ ನಿರೋಧವನ್ನೂ ಬುದ್ಧನು ತಿಳಿಸಿದನೆಂಬ ಮಾತು.

ಆ ಕಾಲದಲ್ಲಿಯೇ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ದೂರದ ಬೈಜಾಂಟಿಯಂ ಸಾಮ್ರಾಜ್ಯದ ಕ್ರೈಸ್ತ ಮಠಗಳೂ ಮುದ್ರೆಗಳನ್ನು ಬಳಸುತ್ತಿದ್ದವಂತೆ. ಅಲ್ಲಿ ಸೀಸದ ಬಿಲ್ಲೆಯ ಮೇಲೆ ಮೇರಿಮಾತೆಯ ಅಥವಾ ಮಠದ ಸಂತನ ಮೂರ್ತಿಯನ್ನು ಒತ್ತಿ, ಪತ್ರಕ್ಕೆ ಕಟ್ಟಿದ ದಾರವನ್ನು ಅದರಿಂದ ಬಿಗಿಯುತ್ತಿದ್ದರು. ಪತ್ರವು ಯಾರದೆಂಬುದಕ್ಕೆ ಅದೇ ಸಾಕ್ಷಿ. ಕಾನ್ಹೇರಿಯ ಮುದ್ರೆಗಳಾದರೋ ಭಕ್ತಿಯ ಕಾಣಿಕೆಗಳು. ಮಣ್ಣಿನದೇ ಪುಟ್ಟ ಗೂಡುಗಳಲ್ಲಿ ಅವನ್ನು ಇರಿಸಿದ್ದರು.

ಅದೇ ಬೆಟ್ಟದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರೂ ಇದೆ. ಒಂದರ ಕಾಲ ಶಕ 775. ಕವಿರಾಜಮಾರ್ಗವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ಅರಸನ ಹೆಸರನ್ನು ನಮ್ಮ ಠಾಣೆಯ ಮಗ್ಗುಲ ಬಂಡೆಯೊಂದು ಹೊತ್ತು ನಿಂತಿದೆ! ನನಗೆ ರೋಮಾಂಚನವಾಯಿತು. ಆದರೂ ಮನೆಗೆ ಮರಳುವಾಗ ಮನಸ್ಸಿನಲ್ಲಿ ಉಳಿದುದು ಆ ಬಂಡೆಯಲ್ಲ, ಹಸಿಮಣ್ಣಿನ ಮುದ್ದೆ. ಸುಡದ ಮಣ್ಣು ಒತ್ತಿದ ಮಾತನ್ನು ಸಾವಿರ ವರ್ಷ ಬಿಟ್ಟುಕೊಡಲಿಲ್ಲವಲ್ಲ!

ರಾತ್ರಿ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ಎದ್ದು ಹೋಗಿ, ಪೆಟ್ಟಿಗೆಯಿಂದ ತಮ್ಮ ಊರ ಶಾಲೆಯ ಹಳೆಯ ಪ್ರಮಾಣಪತ್ರವನ್ನು ತಂದು ತೋರಿಸಿದರು. ಮುದ್ರೆಯ ಮಸಿ ಮಾಸಿ ಶಾಲೆಯ ಹೆಸರನ್ನೂ ಓದಲಾಗುತ್ತಿರಲಿಲ್ಲ. ನನ್ನ ಕೈಹಿಡಿದು ಮೊದಲ ಕನ್ನಡ ಅಕ್ಷರವನ್ನು ತಿದ್ದಿಸಿದವರು ಅವರೇ.