ಬುಧವಾರದ ಬಾಣಲೆ

ಹಂದಿ ಮಾಂಸ ಅಂದರೆ ಅರ್ಧ ದಿನದ ಕೆಲಸ ಎಂದೇ ತಿಳಿದಿದ್ದವನು ನಾನು. ನಮ್ಮೂರಲ್ಲಿ ಅದನ್ನು ಮನೆಯೊಳಗೆ ತರುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಬೇಯಿಸಿ, ಅಲ್ಲೇ ಉಂಡು, ಕೈಕಾಲು ತೊಳೆದು ಒಳಗೆ ಬರಬೇಕು. ವಿರಾಜಪೇಟೆ ಕಡೆಯ ಸೊಸೆ ಬಂದ ಮೇಲೆ ಅದೇ ಮಾಂಸ ಬೆಂಗಳೂರಿನ ಮೂರನೇ ಮಹಡಿಯಲ್ಲಿ, ಹಾಲಿನ ಪಾತ್ರೆಯ ಪಕ್ಕದ ಒಲೆಯ ಮೇಲೆ, ಅವಳು ಆಫೀಸು ಮುಗಿಸಿ ಬಂದು ಮೊಮ್ಮಗ ಹೋಮ್‌ವರ್ಕ್ ಮುಗಿಸುವಷ್ಟರಲ್ಲಿ ತಯಾರು. ಇದು ಹೇಗೆ ಅನ್ನುವುದು ನನ್ನ ಪ್ರಶ್ನೆ. ಬೆಳ್ಳುಳ್ಳಿ ಸುಲಿಯುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ನೋಡಲು ಒಳ್ಳೆಯ ಜಾಗವೇ ಸಿಕ್ಕಿದೆ.

*

ವಾರ ಯಾವುದು ಎಂಬುದೂ ಸಣ್ಣ ಲೆಕ್ಕವಲ್ಲ. ಸೋಮವಾರ ಈಶ್ವರನದು, ಗುರುವಾರ ನನ್ನ ಹೆಂಡತಿಯ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಆಂಜನೇಯನದು. ಮಂಗಳವಾರದ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಭಾನುವಾರ ನಿಧಾನವಾಗಿ ಬೇಯುವ ಪಂದಿ ಕರಿಗೆ. ಹಾಗಾಗಿ ಬುಧವಾರ.

*

ಅಂಗಡಿಯವನು ಮೊದಲು ಕೇಳುವುದು ಎಷ್ಟು ಕೆಜಿ ಎಂದಲ್ಲ. "ಕರಿಗಾ, ಫ್ರೈಗಾ?" ಎಂದು. ಕರಿಗೆ ಅಂದರೆ ತೊಗಲು, ಕೊಬ್ಬು, ಒಂದಿಷ್ಟು ಮೂಳೆ ಎಲ್ಲ ಸೇರಿಸಿ ಕೊಡುತ್ತಾನೆ. ಬೇಗ ಆಗುವ ಫ್ರೈ ಅಂದರೆ ಬೆನ್ನುಮೂಳೆಯ ಪಕ್ಕದ, ಹೆಚ್ಚು ಕೊಬ್ಬಿಲ್ಲದ ಮೆತ್ತನೆಯ ಭಾಗ. ಅದಕ್ಕೆ ಬೆಲೆಯೂ ಜಾಸ್ತಿ. ಪ್ರಾಣಿ ಒಂದೇ, ಆದರೆ ದುಡಿದ ಭಾಗ ಬೇರೆ, ಕೂತು ತಿಂದ ಭಾಗ ಬೇರೆ. ನಡೆದು ನಡೆದು ಗಟ್ಟಿಯಾದ ಭುಜ, ತೊಡೆಗಳ ಮಾಂಸದಲ್ಲಿ ಕೊಲಾಜೆನ್ ಎಂಬ ನಾರು ತುಂಬಿರುತ್ತದೆ. ಅದು ಕರಗಿ ಅಂಟಂಟಾಗಲು ಗಂಟೆಗಟ್ಟಲೆ ಹೊತ್ತು ಬೇಕು. ಬೆನ್ನಿನ ಭಾಗಕ್ಕೆ ಆ ತಾಪತ್ರಯವಿಲ್ಲ, ಕೆಲವು ನಿಮಿಷ ಸಾಕು. ಆದರೆ ಕೆಲವು ನಿಮಿಷ ಜಾಸ್ತಿಯಾದರೆ ಅದರಲ್ಲಿರುವ ನೀರೆಲ್ಲ ಹೋಗಿ ಅಗಿಯಲಾಗದ ಹಾಗಾಗುತ್ತದೆ. ಅಂದರೆ ಹಂದಿ ಮಾಂಸವನ್ನು ತೀರಾ ಬೇಗ ಇಳಿಸಬೇಕು, ಇಲ್ಲವೇ ತೀರಾ ನಿಧಾನವಾಗಿ ಬೇಯಿಸಬೇಕು. ನಮ್ಮೂರ ಹಿತ್ತಲಿನವರು ಹಸಿವು ತಾಳದೆ ನಡುವೆಯೇ ಇಳಿಸುತ್ತಿದ್ದರು. ನನ್ನ ದವಡೆಗೆ ಅದು ಈಗಲೂ ನೆನಪಿದೆ.

*

ಮಾಂಸವನ್ನು ಸೊಸೆ ಬೆಳಿಗ್ಗೆಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿರುತ್ತಾಳೆ. ಸಂಜೆ ತೆಗೆದರೆ ಒಳಗೆ ಇನ್ನೂ ಮಂಜು. "ಪೂರ್ತಿ ಕರಗಲಿಲ್ಲವಲ್ಲಮ್ಮ" ಅಂದೆ. "ಕರಗಬಾರದು ಮಾವ, ಆಮೇಲೆ ಚಾಕು ಮಾತು ಕೇಳಲ್ಲ" ಅಂದಳು. ಕೈಯಲ್ಲಿ ಮುಟ್ಟಿ ನೋಡಿದೆ. ಅರ್ಧ ಗಟ್ಟಿ ಇದ್ದಾಗ ಚಾಕು ನೇರ ಇಳಿಯುತ್ತದೆ, ಹೋಳುಗಳು ಹತ್ತು ರೂಪಾಯಿ ನಾಣ್ಯದಷ್ಟು ತೆಳ್ಳಗೆ, ಒಂದೇ ಸಮ ಬೀಳುತ್ತವೆ. ಕರಗಿದ ಮಾಂಸವಾದರೆ ಚಾಕುವಿನ ಕೆಳಗೆ ಜಾರಿ ಒಂದು ಕಡೆ ದಪ್ಪ, ಒಂದು ಕಡೆ ಚಿಂದಿ.

ಕೊಯ್ಯುವ ಮೊದಲು ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ. ಎಳೆ ಯಾವ ಕಡೆ ಓಡಿದೆ ಎಂದು ನೋಡುವುದಕ್ಕೆ. ಕೊಯ್ಯುವುದು ಎಳೆಗೆ ಅಡ್ಡ. ಉದ್ದುದ್ದ ಕೊಯ್ದರೆ ಆ ಎಳೆಯನ್ನು ತುಂಡು ಮಾಡುವ ಕೆಲಸ ಹಲ್ಲಿಗೆ ಬೀಳುತ್ತದೆ. ಐವತ್ತು ವರ್ಷ ಮಾಂಸ ತಿಂದಿದ್ದೇನೆ, ಅದಕ್ಕೊಂದು ದಿಕ್ಕಿದೆ ಎಂಬುದನ್ನು ಗಮನಿಸಿರಲಿಲ್ಲ.

*

ಹೋಳುಗಳಿಗೆ ಅರಿಸಿನ, ಉಪ್ಪು, ತರಿತರಿ ಕುಟ್ಟಿದ ಕಾಳುಮೆಣಸು. ಇವು ಸರಿ. ಜೊತೆಗೆ ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಕಾರ್ನ್‌ಫ್ಲೋರ್. ಕೊಡಗಿನ ಅಡುಗೆಯಲ್ಲಿ ಇದೆಲ್ಲಿಂದ ಬಂತು? ಚೀನಾದ ಮನೆಗಳಲ್ಲಿ ಹಂದಿ ಮಾಂಸವನ್ನು ತೆಳ್ಳಗೆ ಸೀಳಿ, ಹೀಗೇ ಹಿಟ್ಟು ಸವರಿಟ್ಟು, ದೊಡ್ಡ ಉರಿಯಲ್ಲಿ ಹಸಿಮೆಣಸಿನ ಜೊತೆ ತಿರುವಿ ಇಳಿಸುವುದು ದಿನನಿತ್ಯದ ಸಂಗತಿ. ಹಿಟ್ಟು ಮಾಂಸದ ರಸವನ್ನು ಹಿಡಿದಿಡುತ್ತದೆ, ಮಸಾಲೆಗೂ ಅಂಟಿಕೊಳ್ಳಲು ಜಾಗ ಕೊಡುತ್ತದೆ. ಅವಳು ಅಲ್ಲಿಂದ ಉಪಾಯ ತಂದು, ರುಚಿ ಮಾತ್ರ ತವರಿನದೇ ಇಟ್ಟುಕೊಂಡಿದ್ದಾಳೆ.

ಇದನ್ನು ಬೀಗಿತ್ತಿಯವರು ಒಪ್ಪಿಲ್ಲ. ಪಂದಿ ಬರ್ತದ್ ಅಂದರೆ ತೊಗಲು, ಕೊಬ್ಬು ಇರುವ ತುಂಡುಗಳು ಮುಚ್ಚಳದ ಕೆಳಗೆ ತಮ್ಮದೇ ಕೊಬ್ಬಿನಲ್ಲಿ ಬೆಂದು, ಆಮೇಲೆ ಹುರಿದು ಕಪ್ಪಗಾಗಬೇಕು. ಫೋನಿನಲ್ಲಿ ಸ್ಪೀಕರ್ ಹಾಕಿದ್ದಾಗ ಕೇಳಿಸಿಕೊಂಡೆ: "ಏನಾದರೂ ಮಾಡ್ಕೊ, ಅದಕ್ಕೆ ಬರ್ತದ್ ಅನ್ನಬೇಡ." ಹಾಗಾಗಿ ನಮ್ಮ ಮನೆಯಲ್ಲಿ ಅದರ ಹೆಸರು 'ಬುಧವಾರದ್ದು'.

*

ಒಲೆಯ ಮೇಲಿನ ಕೆಲಸವನ್ನು ಗಡಿಯಾರ ಹಿಡಿದು ನೋಡಿದೆ. ಕಬ್ಬಿಣದ ಬಾಣಲೆ ಹೊಗೆಯಾಡುವ ತನಕ ಕಾಯುತ್ತದೆ. ಎಣ್ಣೆ ಒಂದೇ ಚಮಚ. ಕೊಯ್ದು ಬಿಸಾಡಬಹುದೆಂದು ನಾನು ಅಂದುಕೊಂಡಿದ್ದ ಕೊಬ್ಬಿನ ಚೂರುಗಳು ಮೊದಲು ಒಳಗೆ ಬೀಳುತ್ತವೆ. ಚಟಪಟ ಎಂದು ಕರಗಿ, ಒಂದು ಚಮಚ ಮೂರು ಚಮಚವಾಗುತ್ತದೆ. ಆಮೇಲೆ ಮಾಂಸ, ಅದೂ ಅರ್ಧ ಮಾತ್ರ.

ಅರ್ಧವೇ ಯಾಕೆ? ಹೊಟ್ಟೆ ಹಸಿದ ಮೊಮ್ಮಗನ ಪ್ರಶ್ನೆಯೂ ಅದೇ. ಇದ್ದ ಅರ್ಧ ಕೆಜಿಯನ್ನೂ ಒಮ್ಮೆಗೇ ಸುರಿದರೆ ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ. ನೀರು ಇರುವ ತನಕ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ಕಂದುಬಣ್ಣ, ಹುರಿದ ಘಮ ಬರಲು ಸುಮಾರು ನೂರನಲವತ್ತು ಬೇಕು. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಎಂಬ ರಸಾಯನಶಾಸ್ತ್ರಜ್ಞ 1912ರಲ್ಲೇ ಈ ಬಣ್ಣದ ಹಿಂದಿನ ಕ್ರಿಯೆಯನ್ನು ವಿವರಿಸಿದ್ದಾನೆ. ಸೊಸೆ ಅವನ ಹೆಸರು ಕೇಳಿಲ್ಲ, "ಗಲಾಟೆ ನಿಂತ್ರೆ ನೀರು ಬಿಡ್ತು ಅಂತ" ಅನ್ನುತ್ತಾಳೆ. ನಿಜ, ಅವಳು ಬಾಣಲೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾಳೆ. ಹಾಕಿದ ಮೇಲೆ ಒಂದು ನಿಮಿಷ ಸೌಟು ಮುಟ್ಟುವುದಿಲ್ಲ. ಒಂದು ಮಗ್ಗುಲು ಕೆಂಪಾದ ಮೇಲೆ ತಿರುವಿ, ಇನ್ನೊಂದು ನಿಮಿಷಕ್ಕೆ ತಟ್ಟೆಗೆ. ಉಳಿದರ್ಧಕ್ಕೂ ಅದೇ ಉಪಚಾರ. ಅದೇ ಜಿಡ್ಡಿನಲ್ಲಿ ಶುಂಠಿ, ಬೆಳ್ಳುಳ್ಳಿ, ಕರಿಬೇವು, ದಪ್ಪಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ. ಈರುಳ್ಳಿ ಪೂರ್ತಿ ಬಾಡುವ ಮೊದಲೇ ಮಾಂಸ ವಾಪಸ್ ಬಂದು, ಕಪ್ಪಗೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ, ಸಾಸಿವೆಯ ಮಸಾಲೆ ಉದುರುತ್ತದೆ.

ಒಲೆಯ ಮೇಲೆ ಆದದ್ದು ಹನ್ನೆರಡು ನಿಮಿಷ. ಹೆಚ್ಚಿದ್ದು, ಸುಲಿದದ್ದು, ಕುಟ್ಟಿದ್ದು ಅದರ ಮೂರು ಪಟ್ಟು. ಇದನ್ನು ಬೇಗ ಆಗುವ ಅಡುಗೆ ಎಂದು ಕರೆಯುವವರು ಬೆಳ್ಳುಳ್ಳಿ ಸುಲಿಯುವವರನ್ನು ಲೆಕ್ಕಕ್ಕೆ ಇಟ್ಟುಕೊಂಡಂತಿಲ್ಲ.

*

ಇಷ್ಟು ಬೇಗ ಇಳಿಸಿದರೆ ಬೆಂದಿರುತ್ತದೆಯೇ? ಹಂದಿಯಲ್ಲಿ ಲಾಡಿಹುಳು ಇರಬಹುದೆಂಬ ಹೆದರಿಕೆಯಲ್ಲಿ ಬೆಳೆದವನು ನಾನು, ಅದು ಸುಳ್ಳು ಹೆದರಿಕೆಯೂ ಅಲ್ಲ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡುಗಳಿಗೆ ಬೇಕಾದ ಒಳಬಿಸಿಯನ್ನು 71ರಿಂದ 63 ಡಿಗ್ರಿಗೆ ಇಳಿಸಿ, ಒಲೆಯಿಂದ ತೆಗೆದ ಮೇಲೆ ಮೂರು ನಿಮಿಷ ಹಾಗೇ ಬಿಡಲು ಹೇಳಿತು. ಅದು ಅಲ್ಲಿನ ಫಾರಂ ಹಂದಿಯ ಲೆಕ್ಕ. ನಮ್ಮಲ್ಲಿ ನಸುಗೆಂಪು ಉಳಿಸುವ ಶೋಕಿ ಬೇಡ ಎಂಬುದು ನನ್ನ ಮತ. ಸೊಸೆಗೂ ಬೇಡ. ಇದ್ದುದರಲ್ಲಿ ದಪ್ಪನೆಯ ಹೋಳನ್ನು ಮುರಿದು ನನಗೆ ತೋರಿಸಿಯೇ ಒಲೆ ಆರಿಸುತ್ತಾಳೆ.

*

ಕೊನೆಗೆ ಬರುತ್ತದೆ ಕಾಚಂಪುಳಿ. ಸಣ್ಣ ಬಾಟಲಿಯಲ್ಲಿ ಡಾಂಬರಿನ ಬಣ್ಣದ ಹುಳಿ, ಅರ್ಧ ಕೆಜಿಗೆ ಒಂದು ಚಮಚ. ಮಳೆಗಾಲದಲ್ಲಿ ಹಣ್ಣಾಗುವ ಪಣಪುಳಿಯ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದ್ದು. ಉತ್ತರ ಕನ್ನಡದ ಉಪ್ಪಾಗೆಯೂ ಅದೇ ಮರ, ಕೇರಳದವರು ಮೀನಿಗೆ ಹಾಕುವ ಕುಡಂಪುಳಿಯೂ ಅದೇ ಹಣ್ಣಿನ ಒಣಗಿಸಿದ ಸಿಪ್ಪೆ. ಇದೇ ಹಣ್ಣಿನ ಸತ್ವವನ್ನು ಅಮೆರಿಕದವರು ಬೊಜ್ಜು ಕರಗಲೆಂದು ಮಾತ್ರೆ ಮಾಡಿ ನುಂಗಿದರು. 1998ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಕೊಡಗಿನವರು ಅದನ್ನು ಕೊಬ್ಬಿನ ಮೇಲೇ ಸುರಿದು ತಿನ್ನುತ್ತಾ ಬಂದಿದ್ದಾರೆ, ಯಾರೂ ತೂಕ ನೋಡಿಕೊಂಡಿಲ್ಲ.

ಯಾಕೆ ಕೊನೆಯಲ್ಲೇ ಹಾಕಬೇಕು ಎಂದು ಕೇಳಿದೆ. "ಅಮ್ಮ ಕೊನೇಲೇ ಹಾಕೋದು" ಅಂದಳು. ಬರ್ತದ್ ವಿಷಯದಲ್ಲಿ ಅಮ್ಮನ ಮಾತು ಕೇಳದವಳು ಹುಳಿಯ ವಿಷಯದಲ್ಲಿ ತುಟಿಪಿಟಿಕ್ ಅನ್ನುವುದಿಲ್ಲ.

*

ನನ್ನ ಹೆಂಡತಿ ಇದನ್ನು ತಿನ್ನುವುದಿಲ್ಲ. ಆ ಬಾಣಲೆಗೆ ಬೇರೆ ಮೊಳೆ, ಬೇರೆ ಸೌಟು ಕೊಟ್ಟಿದ್ದಾಳೆ. ಆದರೂ ಟಿ.ವಿ. ಮುಂದೆ ಕೂತೇ "ಉಪ್ಪು ಕಮ್ಮಿ ಆಗಿದೆ ನೋಡು" ಎಂದು ಕೂಗುತ್ತಾಳೆ. ನೋಡಿದರೆ ಕಮ್ಮಿಯೇ ಆಗಿರುತ್ತದೆ. ಇದಕ್ಕೆ ನನ್ನ ಹತ್ತಿರ ವಿವರಣೆಯಿಲ್ಲ.

*

ಭಾನುವಾರದ ಪಂದಿ ಕರಿ ಮಾರನೇ ದಿನ ಇನ್ನೂ ರುಚಿ. ಬುಧವಾರದ್ದು ಮಾರನೇ ದಿನ ಬಿಸಿ ಮಾಡಿದರೆ ಬಿರುಸಾಗುತ್ತದೆ. ಕರಗಿ ಅಂಟಾಗಲು ಅದರಲ್ಲಿ ನಾರೇ ಇಲ್ಲವಲ್ಲ, ಇದ್ದ ರಸವೂ ಎರಡನೇ ಬಿಸಿಗೆ ಹೋಗುತ್ತದೆ. ಅದಕ್ಕೆ ಸೊಸೆ ಮಿಕ್ಕಿದ್ದನ್ನು ಬಿಸಿ ಮಾಡುವುದಿಲ್ಲ. ತಣ್ಣಗಿರುವಂತೆಯೇ ಸಣ್ಣಗೆ ಹೆಚ್ಚಿ, ಮೊಟ್ಟೆ ಹಾಕಿ ಹುರಿದ ಅನ್ನಕ್ಕೆ ಒಲೆ ಆರಿಸಿದ ಮೇಲೆ ಕಲಸಿ ಮೊಮ್ಮಗನ ಡಬ್ಬಿಗೆ ತುಂಬುತ್ತಾಳೆ. ಡಬ್ಬಿಯೇನೋ ಖಾಲಿಯಾಗಿ ಬರುತ್ತದೆ. ಮೊಮ್ಮಗ ಮಾತ್ರ ಮನೆಗೆ ಬಂದವನೇ "ತಿನ್ನೋಕೇನಿದೆ?" ಅನ್ನುತ್ತಾನೆ. ಡಬ್ಬಿ ಯಾರು ಖಾಲಿ ಮಾಡುತ್ತಿದ್ದಾರೆ ಎಂಬುದನ್ನು ಪತ್ತೆ ಮಾಡಬೇಕು.